ಸ್ಟರ್ನ್‌ವೀಲರ್: ಆಳವಿಲ್ಲದ ನದಿಗೆ ಹೇಳಿ ಮಾಡಿಸಿದ ಹಬೆ ಹಡಗು

ಹಡಗಿನ ಹಿಂತುದಿಗೆ ಸ್ಟರ್ನ್ ಎನ್ನುತ್ತಾರೆ. ಅಲ್ಲಿ ಒಂದು ದೊಡ್ಡ ಚಕ್ರ ಕೂರಿಸಿ, ಹಬೆ ಎಂಜಿನ್‌ನಿಂದ ತಿರುಗಿಸಿ ಓಡಿಸುವ ನದಿ ಹಡಗೇ ಸ್ಟರ್ನ್‌ವೀಲರ್. ಚಕ್ರದ ಸುತ್ತ ಮರದ ಹಲಗೆಗಳು. ಅವು ಒಂದಾದ ಮೇಲೊಂದು ನೀರಿಗಿಳಿದು ನೀರನ್ನು ಹಿಂದಕ್ಕೆ ತಳ್ಳಿದಾಗ ಹಡಗು ಮುಂದೆ ಸಾಗುತ್ತದೆ.

ಚಕ್ರ ಹಿಂದೆಯೇ ಯಾಕೆ? ಉತ್ತರ ನದಿಯಲ್ಲಿದೆ. ಸಮುದ್ರದ ಹಡಗಿನ ಪ್ರೊಪೆಲರ್, ಅಂದರೆ ತಿರುಗುತ್ತಾ ನೀರನ್ನು ತಳ್ಳುವ ರೆಕ್ಕೆಗಳು, ಪೂರ್ತಿ ನೀರಿನೊಳಗೆ ಮುಳುಗಿರಬೇಕು. ಅದಕ್ಕೆ ಆಳ ಬೇಕು. ನದಿಯಲ್ಲಿ ಮರಳ ದಿಬ್ಬಗಳು, ಬೇಸಿಗೆಯಲ್ಲಿ ಇಳಿಯುವ ನೀರು. ಚಕ್ರಕ್ಕಾದರೆ ಹಲಗೆಗಳು ಸ್ವಲ್ಪವೇ ಮುಳುಗಿದರೂ ಸಾಕು. ಎರಡೂ ಪಕ್ಕದಲ್ಲಿ ಚಕ್ರವಿರುವ ಹಡಗುಗಳೂ ಇದ್ದವು. 1807ರಲ್ಲಿ ರಾಬರ್ಟ್ ಫುಲ್ಟನ್ ಹಡ್ಸನ್ ನದಿಯಲ್ಲಿ ಓಡಿಸಿದ್ದು ಅಂಥದ್ದೇ. ಆದರೆ ಪಕ್ಕದ ಚಕ್ರಗಳಿಂದ ಹಡಗಿನ ಅಗಲ ಜಾಸ್ತಿಯಾಗುತ್ತದೆ, ತೇಲಿ ಬರುವ ಮರದ ದಿಮ್ಮಿಗಳು ನೇರವಾಗಿ ಚಕ್ರಕ್ಕೇ ಬಡಿಯುತ್ತವೆ. ಹಿಂದಿರುವ ಚಕ್ರಕ್ಕೆ ಹಡಗಿನ ಮೈಯೇ ರಕ್ಷಣೆ. ಇನ್ನೊಂದು ಅನುಕೂಲ, ಮೂತಿಯನ್ನು ನೇರವಾಗಿ ದಂಡೆಗೆ ತಾಗಿಸಿ ನಿಲ್ಲಿಸಬಹುದು. ಬಂದರು ಕಟ್ಟುವ ಅಗತ್ಯವೇ ಇಲ್ಲ.

ಕಷ್ಟವೂ ಇತ್ತು. ಭಾರವಾದ ಬಾಯ್ಲರ್ ಮುಂಭಾಗದಲ್ಲಿ, ಎಂಜಿನ್ ಮತ್ತು ಚಕ್ರ ಹಿಂದೆ. ತೆಳ್ಳಗಿನ, ಚಪ್ಪಟೆ ತಳದ ಮರದ ಹಡಗು ಈ ಭಾರಕ್ಕೆ ಎರಡೂ ತುದಿ ಕೆಳಗಿಳಿದು ಬಿಲ್ಲಿನಂತೆ ಬಾಗಿಬಿಡುತ್ತಿತ್ತು. ಅದಕ್ಕೆ ಡೆಕ್ ಮೇಲೆ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲಿಂದ ಕಬ್ಬಿಣದ ಸರಳುಗಳನ್ನು ಬಿಗಿದು, ಎರಡೂ ತುದಿಗಳನ್ನು ಎತ್ತಿ ಹಿಡಿಯುತ್ತಿದ್ದರು. ಇವೇ ಹಾಗ್ ಚೈನ್‌ಗಳು. ಚುಕ್ಕಾಣಿಗಳದ್ದೂ ಜಾಣ ಏರ್ಪಾಡು. ಹಲವು ಚುಕ್ಕಾಣಿಗಳು ಚಕ್ರಕ್ಕಿಂತ ಮುಂದೆ ಇರುತ್ತಿದ್ದವು. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ನೀರು ರಭಸದಿಂದ ಚುಕ್ಕಾಣಿಗಳ ಮೇಲೆ ಬೀಳುತ್ತದೆ. ಹಾಗಾಗಿ ಇಕ್ಕಟ್ಟಾದ ತಿರುವಿನಲ್ಲೂ ಹಡಗು ಹಿಡಿತಕ್ಕೆ ಸಿಗುತ್ತಿತ್ತು.

ಇದೆಲ್ಲ ನಿಜಕ್ಕೂ ಹೇಗೆ ದುಡಿಯಿತು ಅಂತ ತಿಳಿಯಲು ಕೆನಡಾದ ಯೂಕಾನ್‌ಗೆ ಹೋಗಬೇಕು. 1896ರಲ್ಲಿ ಅಲ್ಲಿನ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು. ರಸ್ತೆ ಇಲ್ಲದ ಆ ನಾಡಿನಲ್ಲಿ ಅಕ್ಕಿಬೇಳೆಯಿಂದ ಯಂತ್ರದವರೆಗೆ ಎಲ್ಲವೂ ನದಿಯಲ್ಲೇ ಬರಬೇಕಿತ್ತು. ಅದೂ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳು. ಚಳಿಗಾಲಕ್ಕೆ ಮುಂಚೆ ಹಡಗುಗಳನ್ನು ದಡಕ್ಕೆ ಎಳೆದು ಇಡುತ್ತಿದ್ದರು.

1929ರಲ್ಲಿ ವೈಟ್‌ಹಾರ್ಸ್ ಊರಿನಲ್ಲಿ 'ಕ್ಲಾಂಡೈಕ್' ಹಡಗು ಸಿದ್ಧವಾಯಿತು. ಅದು ಬಾರ್ಜ್ (ಸರಕು ತುಂಬುವ ಚಪ್ಪಟೆ ದೋಣಿ) ತಳ್ಳದೆಯೇ 270 ಟನ್‌ಗಿಂತ ಹೆಚ್ಚು ಸರಕು ಹೊರುತ್ತಿತ್ತು. ಅಲ್ಲಿದ್ದ ಬೇರೆ ಹಡಗುಗಳಿಗಿಂತ ಇದು ಒಂದೂವರೆ ಪಟ್ಟು. ಅಷ್ಟು ಹೊತ್ತರೂ ಎದೆಮಟ್ಟದ ನೀರಿದ್ದರೆ ಸಾಕಿತ್ತು. 1936ರಲ್ಲಿ ಅದು ನದಿಯಲ್ಲಿ ಅಪಘಾತಕ್ಕೀಡಾಗಿ ಮುಳುಗಿತು. ಮರುವರ್ಷವೇ ಹೆಚ್ಚುಕಮ್ಮಿ ಅದೇ ಅಚ್ಚಿನಲ್ಲಿ, ಅದೇ ಹೆಸರಿನಲ್ಲಿ ಇನ್ನೊಂದು ಕಟ್ಟಿದರು. ಉದ್ದ 64 ಮೀಟರ್.

ವೈಟ್‌ಹಾರ್ಸ್‌ನಿಂದ ಚಿನ್ನದ ನಾಡಿನ ಡಾಸನ್ ಊರಿಗೆ ಸುಮಾರು 740 ಕಿಲೋಮೀಟರ್. ಹೊಳೆ ಹರಿಯುವ ದಿಕ್ಕಿಗೆ ಸುಮಾರು 36 ಗಂಟೆ ಸಾಕು. ವಾಪಸ್ ಬರಲು ನಾಲ್ಕೈದು ದಿನ! ಹೋಗುವಾಗ ಒಂದೆರಡು ಕಡೆ ಸೌದೆ ತುಂಬಿಸಿಕೊಂಡರೆ ಆಗುತ್ತಿತ್ತು, ಬರುವಾಗ ಆರು ಕಡೆ ನಿಲ್ಲಬೇಕಿತ್ತು. ಪ್ರವಾಹಕ್ಕೆ ಎದುರಾಗಿ ಹೋಗುವುದು ಅಂದರೆ ಏನು ಅಂತ ಈ ಲೆಕ್ಕವೇ ಹೇಳುತ್ತದೆ. ಬರುವಾಗ ಹಡಗಿನ ತುಂಬ ಮೇಯೋ ಎಂಬ ಊರಿನ ಕಡೆಯ ಗಣಿಗಳ ಬೆಳ್ಳಿ-ಸೀಸದ ಅದಿರಿನ ಮೂಟೆಗಳು. ನೀರು ರಭಸದಿಂದ ಹರಿಯುವ ಫೈವ್ ಫಿಂಗರ್ ಎಂಬಲ್ಲಿ ಎಂಜಿನ್ ಬಲವೂ ಸಾಲದೆ, ಕೇಬಲ್ ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳಬೇಕಿತ್ತು. ಈ ಎಲ್ಲ ಓಡಾಟದ ಹಿಂದೆ ನದಿಯುದ್ದಕ್ಕೂ ಸೌದೆ ಕಡಿದವರಿದ್ದಾರೆ. ಅವರಲ್ಲಿ ಅಲ್ಲಿನ ಮೂಲನಿವಾಸಿಗಳೂ ಬಹಳ. ಹಡಗಿನ ಕಥೆ ಹೇಳುವಾಗ ಕ್ಯಾಪ್ಟನ್‌ಗಳ ಹೆಸರು ಬರುತ್ತದೆ, ಇವರದ್ದು ಬರುವುದೇ ಇಲ್ಲ. ನನಗೆ ಅದು ದೊಡ್ಡ ಕೊರತೆ ಅನ್ನಿಸುತ್ತದೆ.

1950ರ ಸುಮಾರಿಗೆ ಮೇಯೋಗೆ ರಸ್ತೆ ಬಂತು. ಅದಿರು ಲಾರಿ ಹತ್ತಿತು. ಪ್ರವಾಸಿಗರನ್ನು ಕರೆದೊಯ್ದು ಕ್ಲಾಂಡೈಕ್ ಹಡಗನ್ನು ಉಳಿಸಿಕೊಳ್ಳಲು ನೋಡಿದರು. ಅದೂ ಕೈಹಿಡಿಯಲಿಲ್ಲ, 1955ರಲ್ಲಿ ಓಡಾಟ ನಿಂತಿತು. 1966ರಲ್ಲಿ ಅದನ್ನು ವೈಟ್‌ಹಾರ್ಸ್‌ನ ಬೀದಿಗಳಲ್ಲೇ ಎಳೆದು, ಸ್ಮಾರಕವಾಗಿ ಉಳಿಸಲು ಈಗಿನ ಜಾಗಕ್ಕೆ ತಂದರು. ಮೂರು ಬುಲ್ಡೋಜರ್, 12 ಆಳು, ಮೂರು ವಾರ. ಕೆಳಗಿನ ದಿಮ್ಮಿಗಳು ಜಾರಲಿ ಅಂತ ಎಂಟು ಟನ್ ಸೋಪು! ಇನ್ನೆರಡು ಹಳೆಯ ಹಡಗುಗಳಿಗೆ ಆ ಭಾಗ್ಯ ಸಿಗಲಿಲ್ಲ. 'ಕಾಸ್ಕಾ' ಮತ್ತು 'ವೈಟ್‌ಹಾರ್ಸ್' 1974ರಲ್ಲಿ ದಡದಲ್ಲೇ ಬೆಂಕಿಗೆ ಆಹುತಿಯಾದವು.

ಈಗ ಪ್ರವಾಸಿ ತಾಣಗಳಲ್ಲಿ ಹಿಂದೆ ಕೆಂಪು ಚಕ್ರವಿರುವ ಹಡಗುಗಳು ಬೇಕಾದಷ್ಟು ಕಾಣುತ್ತವೆ. ಎಷ್ಟೋ ಕಡೆ ಚಕ್ರ ಸುಮ್ನೆ ಅಲಂಕಾರ, ಕೆಳಗೆ ಪ್ರೊಪೆಲರ್ ಇರುತ್ತದೆ. ಹಳೆಯ ಹಬೆ ಹಡಗುಗಳಲ್ಲಿ ಚಕ್ರದ ಎರಡೂ ಬದಿಯಲ್ಲಿ, ಎಂಜಿನ್‌ನಿಂದ ಹೊರಟ ಉದ್ದನೆಯ ತೊಲೆಯೊಂದು ಹಿಂದೆ ಮುಂದೆ ಆಡುತ್ತಾ ಚಕ್ರವನ್ನು ತಿರುಗಿಸುತ್ತಿತ್ತು. ಅದರ ಹೆಸರು ಪಿಟ್‌ಮನ್. ಅದು ದುಡಿಯುವುದನ್ನು ನೋಡಬೇಕಿದ್ದರೆ ಅಮೆರಿಕದ ಲೂಯಿವಿಲ್ ಊರಿಗೆ ಹೋಗಬೇಕು. 1914ರಲ್ಲಿ ಕಟ್ಟಿದ 'ಬೆಲ್ ಆಫ್ ಲೂಯಿವಿಲ್' ಓಹಾಯೋ ನದಿಯಲ್ಲಿ ಈಗಲೂ ಹಬೆಯಿಂದಲೇ ಓಡುತ್ತಿದೆ.