ಅಮಿಗಾ ಐಕಾನ್‌ನ ಬಣ್ಣ ಇನ್ನೊಂದು ಯಂತ್ರದಲ್ಲಿ ಯಾಕೆ ಕೆಡುತ್ತದೆ?

ಓದುಗರ ಪ್ರಶ್ನೆ: ಅಮಿಗಾ 1200 ಕಂಪ್ಯೂಟರ್‌ನಲ್ಲಿ ಐಕಾನಿಯನ್ ಎಂಬ ಐಕಾನ್ ಎಡಿಟರ್ ಹಾಕಿಕೊಂಡು ಐಕಾನ್ ಬಿಡಿಸುತ್ತೇನೆ. ಎಡಿಟರ್ ಒಳಗೆ ಚೆನ್ನಾಗಿಯೇ ಕಾಣುತ್ತದೆ. ಅದೇ ಫೈಲನ್ನು ವರ್ಕ್‌ಬೆಂಚ್ (ಅಮಿಗಾದ ಡೆಸ್ಕ್‌ಟಾಪ್) 1.3 ಇರುವ ಅಮಿಗಾ 500ಕ್ಕೆ ಹಾಕಿದರೆ ಬಿಳಿ ಕಾಗದ ಕಪ್ಪಾಗುತ್ತದೆ, ಕಪ್ಪು ಗೆರೆ ಬಿಳಿಯಾಗುತ್ತದೆ. ಹಳೆಯ ಫ್ಲಾಪಿಯಿಂದ ತಂದ ಐಕಾನ್‌ಗಳು ನನ್ನ ಯಂತ್ರದಲ್ಲಿ ಫೋಟೋ ನೆಗೆಟಿವ್‌ನಂತೆ ಕಾಣುತ್ತವೆ. ತಪ್ಪು ಎಡಿಟರ್‌ನದೋ, ನನ್ನದೋ?

ಇಬ್ಬರದೂ ಅಲ್ಲ. ಅಮಿಗಾದ ಮೂಲ ಐಕಾನ್ ಫೈಲಿನಲ್ಲಿ ಬಣ್ಣವೇ ಇರುವುದಿಲ್ಲ, ಬಣ್ಣದ ಸಂಖ್ಯೆ ಮಾತ್ರ ಇರುತ್ತದೆ. ಪೇಂಟ್ ಅಂಗಡಿಗೆ ಹೋಗಿ ‘ಶೇಡ್ ನಂಬರ್ 1 ಕೊಡಿ’ ಎಂದರೆ ಯಾವ ಬಣ್ಣ ಸಿಗುತ್ತದೆ ಎನ್ನುವುದು ಅಂಗಡಿಯವರು ಯಾವ ಕಂಪನಿಯ ಶೇಡ್ ಕಾರ್ಡ್ ತೆಗೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಇಲ್ಲಿ ಆ ಕಾರ್ಡ್ ಇರುವುದು ಐಕಾನ್‌ನಲ್ಲಲ್ಲ, ಅದನ್ನು ತೋರಿಸುವ ಯಂತ್ರದ ವರ್ಕ್‌ಬೆಂಚ್ ಪರದೆಯಲ್ಲಿ. ಅಮಿಗಾದವರು ಈ ಸಂಖ್ಯೆಯನ್ನು ಪೆನ್ ಎನ್ನುತ್ತಾರೆ.

ವರ್ಕ್‌ಬೆಂಚ್ 1.3ರಲ್ಲಿ ಪೆನ್ 0 ನೀಲಿ, 1 ಬಿಳಿ, 2 ಕಪ್ಪು, 3 ಕಿತ್ತಳೆ. 1990ರಲ್ಲಿ ಅಮಿಗಾ 3000 ಜೊತೆ 2.0 ಬಂದಾಗ ಅಮಿಗಾ ತಯಾರಿಸುತ್ತಿದ್ದ ಕಮೋಡೋರ್ ಕಂಪನಿ ಈ ಕ್ರಮವನ್ನೇ ಬದಲಿಸಿತು: 0 ಬೂದು, 1 ಕಪ್ಪು, 2 ಬಿಳಿ, 3 ನೀಲಿ. ಅಲ್ಲಿಂದ ಮುಂದೆ 3.0, 3.1ರವರೆಗೂ ಇದೇ ನಡೆಯಿತು. 1 ಮತ್ತು 2 ಅದಲುಬದಲಾದದ್ದೇ ನಿಮ್ಮ ನೆಗೆಟಿವ್‌ಗೆ ಕಾರಣ.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ವಿಷಯ ಪೂರ್ತಿ ಬಿಡಿಸಿಕೊಳ್ಳುತ್ತದೆ. ನಾಲ್ಕು ಬಣ್ಣದ ಐಕಾನ್‌ಗೆ ಎರಡು ಬಿಟ್‌ಪ್ಲೇನ್ ಬೇಕು. ಪ್ಲೇನ್ ಎಂದರೆ ಪ್ರತಿ ಚುಕ್ಕಿಗೆ ಒಂದೊಂದು ಬಿಟ್ (0 ಅಥವಾ 1) ಇಡುವ ಪದರ. ಒಂದು ಚುಕ್ಕಿಯ ಪೆನ್ ಸಂಖ್ಯೆ ಎಂದರೆ ಪ್ಲೇನ್ 0ರ ಬಿಟ್, ಜೊತೆಗೆ ಪ್ಲೇನ್ 1ರ ಬಿಟ್‌ನ ಎರಡರಷ್ಟು. 1.3ಕ್ಕಾಗಿ ಬಿಡಿಸಿದ, ಕಪ್ಪು ಅಂಚಿನ ಬಿಳಿ ಕಾಗದದ ಎಂಟು ಚುಕ್ಕಿಯ ಒಂದು ಸಾಲು ಹೀಗಿರುತ್ತದೆ:

ಪ್ಲೇನ್ 0: 01111110
ಪ್ಲೇನ್ 1: 10000001

ಎರಡು ತುದಿಗಳಲ್ಲಿ ಪೆನ್ 2, ನಡುವೆ ಆರು ಚುಕ್ಕಿ ಪೆನ್ 1. ಇದೇ ಸಾಲನ್ನು 2.0 ಓದಿದರೆ ಅಂಚು ಬಿಳಿ, ಕಾಗದ ಕಪ್ಪು. ಈಗ ಎರಡು ಪ್ಲೇನ್‌ಗಳನ್ನು ಮೇಲೆ ಕೆಳಗೆ ಮಾಡಿ ನೋಡಿ. 01 ಇದ್ದದ್ದು 10 ಆಗುತ್ತದೆ, 10 ಇದ್ದದ್ದು 01 ಆಗುತ್ತದೆ, 00 ಮತ್ತು 11 ಇದ್ದ ಹಾಗೇ ಉಳಿಯುತ್ತವೆ. ಅಂದರೆ ನಾಲ್ಕು ಬಣ್ಣದ ಐಕಾನ್‌ನಲ್ಲಿ ಕಪ್ಪು ಬಿಳುಪನ್ನು ಸರಿಮಾಡಲು ಒಂದು ಚುಕ್ಕಿಯನ್ನೂ ಹೊಸದಾಗಿ ಬರೆಯಬೇಕಿಲ್ಲ, ಪ್ಲೇನ್‌ಗಳ ಜಾಗ ಬದಲಿಸಿದರೆ ಸಾಕು. ಇಷ್ಟು ಸರಳವಾಗಿ ಬಿಡಿಸಿಕೊಳ್ಳುವ ಗಂಟು ಕಂಪ್ಯೂಟರ್ ಚಿತ್ರಗಳಲ್ಲಿ ಅಪರೂಪ.

ಎಡಿಟರ್‌ನಲ್ಲಿ ಕೈಯಿಂದ ಮಾಡುವುದಾದರೆ ಒಂದು ಎಚ್ಚರ ಬೇಕು. ಪೆನ್ 1ನ್ನು ನೇರವಾಗಿ 2 ಮಾಡಿಬಿಟ್ಟರೆ ಎರಡೂ ಒಂದಾಗಿ ಕಲೆತುಹೋಗುತ್ತವೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಮೊದಲು ಐಕಾನ್‌ನ ಆಳವನ್ನು ಮೂರು ಪ್ಲೇನ್‌ಗೆ ಏರಿಸಿ, ಎಂಟು ಪೆನ್ ಸಿಗುತ್ತವೆ. ಆಮೇಲೆ 1ನ್ನು 7 ಮಾಡಿ, 2ನ್ನು 1 ಮಾಡಿ, 7ನ್ನು 2 ಮಾಡಿ. ಕೊನೆಗೆ ಆಳವನ್ನು ಮತ್ತೆ ಎರಡಕ್ಕೆ ಇಳಿಸಿ. ಇಳಿಸುವುದನ್ನು ಮರೆತರೆ ಖಾಲಿ ಪ್ಲೇನ್ ಒಂದು ಫೈಲಿನಲ್ಲೇ ಕೂತು ಜಾಗ ತಿನ್ನುತ್ತದೆ. ಮಾಮೂಲಿ ಚಿತ್ರ, ಆಯ್ಕೆ ಮಾಡಿದಾಗ ಕಾಣುವ ಚಿತ್ರ ಎರಡಕ್ಕೂ ಇದನ್ನು ಮಾಡಬೇಕು. ಎರಡನೆಯದನ್ನು ಬಿಟ್ಟವರಿಗೆ ಕ್ಲಿಕ್ ಮಾಡಿದ ಕೂಡಲೇ ನೆಗೆಟಿವ್ ಮರಳಿ ಬರುತ್ತದೆ. ಇಷ್ಟೆಲ್ಲ ಮಾಡಿದರೂ ಪೆನ್ 3ರ ಕಿತ್ತಳೆ ನೀಲಿಯಾಗಿಯೇ ಕಾಣುತ್ತದೆ. 2.0ರ ನಾಲ್ಕು ಬಣ್ಣಗಳಲ್ಲಿ ಕಿತ್ತಳೆ ಇಲ್ಲವೇ ಇಲ್ಲ.

ಐಕಾನಿಯನ್ ಹವ್ಯಾಸಿ ಪ್ರೋಗ್ರಾಮರ್ ಒಬ್ಬರ ಕೆಲಸ. ಅಮಿಗಾ ಸಾಫ್ಟ್‌ವೇರ್‌ಗಳ ಆನ್‌ಲೈನ್ ಭಂಡಾರವಾದ ಅಮಿನೆಟ್‌ನಲ್ಲಿ ಸಿಗುತ್ತದೆ, ಓಡಲು ಕನಿಷ್ಠ 3.0 ಬೇಕು. ಅಂಥ ಎಡಿಟರ್‌ಗಳು ಐಕಾನನ್ನು ನಾಲ್ಕು ಬಣ್ಣದಾಚೆಗೆ ಕೊಂಡೊಯ್ದದ್ದು ನಿಜಕ್ಕೂ ದೊಡ್ಡ ಉಪಕಾರ. ತೊಂದರೆಯ ಎರಡನೆಯ ಪದರ ಶುರುವಾಗುವುದೂ ಅಲ್ಲೇ. ಅಮಿಗಾ ಲೋಕದಲ್ಲಿ ಎಂಟು ಬಣ್ಣ ಎಂದರೆ ಸಾಮಾನ್ಯವಾಗಿ ಮ್ಯಾಜಿಕ್‌ಡಬ್ಲ್ಯುಬಿ. ಮಾರ್ಟಿನ್ ಹುಟ್ಟೆನ್‌ಲೋಹರ್ ಕೊಟ್ಟ ಆ ವರ್ಣಪಟ್ಟಿಯ ಮೊದಲ ನಾಲ್ಕು ಪೆನ್‌ಗಳು 2.0ರ ಬೂದು, ಕಪ್ಪು, ಬಿಳಿ, ನೀಲಿಯ ಕ್ರಮದಲ್ಲೇ ಇವೆ. ಮುಂದಿನ ನಾಲ್ಕು ಹೀಗೆ: 4 ಗಾಢ ಬೂದು (123, 123, 123), 5 ತಿಳಿ ಬೂದು (175, 175, 175), 6 ಮಣ್ಣಿನ ಕಂದು (170, 144, 124), 7 ನಸುಗೆಂಪು (255, 169, 151). ಆವರಣದಲ್ಲಿರುವುದು ಕೆಂಪು, ಹಸಿರು, ನೀಲಿಯ ಅಳತೆ, ಗರಿಷ್ಠ 255.

ಎಂಟು ಬಣ್ಣದ ಐಕಾನನ್ನು ನಾಲ್ಕು ಬಣ್ಣದ ಪರದೆಗೆ ಹಾಕಿದರೆ ಮೂರನೆಯ ಪ್ಲೇನ್‌ಗೆ ಅಲ್ಲಿ ಜಾಗವಿಲ್ಲ, ಅದು ಬಿದ್ದುಹೋಗುತ್ತದೆ. ಆಗ 4 ಎನ್ನುವುದು 0 ಆಗುತ್ತದೆ, 5 ಎನ್ನುವುದು 1, 6 ಎನ್ನುವುದು 2, 7 ಎನ್ನುವುದು 3. ತಿಳಿ ಬೂದಿನಲ್ಲಿ ನಯವಾಗಿ ಕೊಟ್ಟ ಛಾಯೆ ಕಡುಕಪ್ಪಾಗುತ್ತದೆ, ಗಾಢ ಬೂದು ಹಿನ್ನೆಲೆಯಲ್ಲಿ ಕರಗುತ್ತದೆ, ಮುಖಕ್ಕೆ ಬಳಿದ ನಸುಗೆಂಪು ನೀಲಿಯಾಗುತ್ತದೆ. ಇದನ್ನು ಆಮೇಲೆ ಸರಿಪಡಿಸುವ ದಾರಿ ಇಲ್ಲ, ಬಿಡಿಸುವಾಗಲೇ ಯೋಚಿಸಬೇಕು. ಆಕಾರದ ಹೊರಗೆರೆ ಮತ್ತು ಮುಖ್ಯ ಮೈ 0ರಿಂದ 3ರೊಳಗೆ ಇರಲಿ, 4ರಿಂದ 7 ಛಾಯೆಗೆ ಮಾತ್ರ ಸಾಕು. ಎಡಿಟರ್‌ನಲ್ಲಿ ಒಂದು ಪ್ರತಿ ಮಾಡಿ, ಆಳವನ್ನು ಎರಡಕ್ಕೆ ಇಳಿಸಿ ನೋಡಿ. ಆಗಲೂ ಅದು ಏನೆಂದು ಗುರುತು ಸಿಕ್ಕರೆ ಮಾತ್ರ ಹಂಚಿ. ಆದರೆ ಕೆಲವು ಎಡಿಟರ್‌ಗಳು ಆಳ ಇಳಿಸುವಾಗ ಹತ್ತಿರದ ಬಣ್ಣ ಹುಡುಕಿ ಹಾಕುತ್ತವೆ. ಆಗ ಅಲ್ಲಿ ಕಾಣುವುದು ಯಂತ್ರ ತೋರಿಸುವುದಕ್ಕಿಂತ ಚೆನ್ನಾಗಿರುತ್ತದೆ. ನಿಜವಾದ ಪರೀಕ್ಷೆ ಎಂದರೆ ಸ್ಕ್ರೀನ್‌ಮೋಡ್ ಪ್ರಿಫರೆನ್ಸ್‌ಗೆ ಹೋಗಿ ವರ್ಕ್‌ಬೆಂಚನ್ನೇ ನಾಲ್ಕು ಬಣ್ಣಕ್ಕೆ ತಂದು ನೋಡುವುದು.

ಹದಿನಾರು ಬಣ್ಣದ ಪರದೆಯಲ್ಲಿ ಇನ್ನೊಂದು ಕಥೆ. 3.0ದಿಂದ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಪೆನ್‌ಗಳನ್ನು ಮಾತ್ರ ವ್ಯವಸ್ಥೆ ತನ್ನದಾಗಿ ಹಿಡಿದುಕೊಳ್ಳುತ್ತದೆ. ಎಂಟು ಬಣ್ಣದ ಪರದೆಯಲ್ಲಿ ‘ಕೊನೆಯ ನಾಲ್ಕು’ ಎಂದರೆ 4ರಿಂದ 7, ನಿಮ್ಮ ಐಕಾನ್ ಸರಿಯಾಗಿ ಕೂರುತ್ತದೆ. ಹದಿನಾರಕ್ಕೆ ಏರಿಸಿದ ಕೂಡಲೇ ಕೊನೆಯ ನಾಲ್ಕು 12ರಿಂದ 15ಕ್ಕೆ ಹೋಗುತ್ತವೆ. 4ರಿಂದ 11 ಯಾರು ಬೇಕಾದರೂ ಕೇಳಿ ಪಡೆಯಬಹುದಾದ ಪೆನ್‌ಗಳಾಗುತ್ತವೆ. ಹಿನ್ನೆಲೆಗೆ ಒಂದು ಚಿತ್ರ ಹಾಕಿದರೆ ಅದು ಬಂದು ಅವನ್ನು ತನಗೆ ಬೇಕಾದ ಬಣ್ಣಕ್ಕೆ ತಿರುಗಿಸಿಕೊಳ್ಳುತ್ತದೆ, ನಿಮ್ಮ ಐಕಾನ್‌ನ ಛಾಯೆಗಳು ಹಸಿರೋ ನೇರಳೆಯೋ ಆಗುತ್ತವೆ. ‘ನಿನ್ನೆ ಸರಿಯಾಗಿತ್ತು, ಇವತ್ತು ಕೆಟ್ಟಿದೆ’ ಎನ್ನುವವರು ಮೊದಲು ನೋಡಬೇಕಾದದ್ದು ಹಿನ್ನೆಲೆ ಚಿತ್ರವನ್ನೇ. 4ರಿಂದ 7ನ್ನು ಬೀಗ ಹಾಕಿ ಹಿಡಿದುಕೊಳ್ಳುವ ಸಣ್ಣ ಪ್ರೋಗ್ರಾಂ ಒಂದನ್ನು ಓಡಿಸಬೇಕು, ಅದೂ ಹಿನ್ನೆಲೆ ಚಿತ್ರ ಬಣ್ಣ ಹಿಡಿಯುವ ಮೊದಲೇ.

ಬಣ್ಣವನ್ನೇ ಫೈಲಿನೊಳಗೆ ಇಡುವ ಐಕಾನ್‌ಗಳೂ ಇವೆ. ಮುಂದೆ ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಮೇಮ್ ಎಮ್ಯುಲೇಟರ್ ಶುರುಮಾಡಿದ ನಿಕೊಲಾ ಸಾಲ್ಮೋರಿಯಾ ಅದಕ್ಕೂ ಮೊದಲು ಅಮಿಗಾಗೆ ನ್ಯೂಐಕಾನ್ಸ್ ಮಾಡಿದ್ದರು. ಫೈಲಿನ ರಚನೆಯನ್ನು ಮುರಿಯದೆ, ಪ್ರೋಗ್ರಾಂಗೆ ಸೂಚನೆ ಬರೆಯುವ ಟೂಲ್‌ಟೈಪ್ ಸಾಲುಗಳಲ್ಲೇ ಚಿತ್ರ ಮತ್ತು ವರ್ಣಪಟ್ಟಿಯನ್ನು ಅಕ್ಷರಗಳಾಗಿ ತುಂಬಿಸುವ ಉಪಾಯ ಅದು. ‘ಐಎಂ1=’ (IM1=) ಎಂದು ಶುರುವಾಗುವ ಸಾಲುಗಳು ಮೊದಲ ಚಿತ್ರದವು, ‘ಐಎಂ2=’ ಎರಡನೆಯದರವು. ನ್ಯೂಐಕಾನ್ಸ್ ಇಲ್ಲದ ಯಂತ್ರದಲ್ಲಿ ಇನ್ಫರ್ಮೇಶನ್ ಕಿಟಕಿ ತೆರೆದರೆ ಈ ಸಾಲುಗಳು ಅರ್ಥವಿಲ್ಲದ ಕಸದಂತೆ ಕಾಣುತ್ತವೆ. ಕಸವೆಂದು ಒಂದನ್ನು ಅಳಿಸಿದರೂ ಚಿತ್ರ ಹೋಯಿತು. 1999ರಲ್ಲಿ ಬಂದ 3.5 ಬೇರೆ ದಾರಿ ಹಿಡಿಯಿತು. ಹಳೆಯ ಫೈಲ್ ಮುಗಿದ ಮೇಲೆ ಬಾಲದಂತೆ ಐಎಫ್ಎಫ್ (ಅಮಿಗಾದಲ್ಲಿ ಸಾಮಾನ್ಯವಾದ ಫೈಲ್ ಮಾದರಿ) ತುಂಡೊಂದನ್ನು ಜೋಡಿಸಿ, ಅದರಲ್ಲಿ 256 ಬಣ್ಣದವರೆಗಿನ ಚಿತ್ರವನ್ನು ಅದರದ್ದೇ ವರ್ಣಪಟ್ಟಿಯ ಜೊತೆ ಇಟ್ಟಿತು.

ಎರಡೂ ಒಳ್ಳೆಯ ಪರಿಹಾರಗಳೇ. ಆದರೆ ಹಳೆಯ ಯಂತ್ರಕ್ಕೆ ಮೂಲ ಪ್ಲೇನ್ ಚಿತ್ರ ಮಾತ್ರ ಕಾಣುತ್ತದೆ. ಹಂಚುವವರು ಅಲ್ಲಿ ಖಾಲಿ ಚೌಕವನ್ನೋ ಒಂದೇ ಚುಕ್ಕಿಯನ್ನೋ ಬಿಟ್ಟಿದ್ದರೆ, ಅಮಿಗಾ 500 ಇಟ್ಟುಕೊಂಡವರಿಗೆ ಕ್ಲಿಕ್ ಮಾಡಲು ಏನೂ ಸಿಗುವುದಿಲ್ಲ. ಹೊಸ ಬಗೆಯ ಐಕಾನ್ ಮಾಡುವವರು ದಯವಿಟ್ಟು ಹತ್ತು ನಿಮಿಷ ಹೆಚ್ಚು ಕೊಟ್ಟು ನಾಲ್ಕು ಬಣ್ಣದ ಚಿತ್ರವನ್ನೂ ಬಿಡಿಸಿ. ಇನ್ನೊಂದು ಅಪಾಯ ಇದರ ಹಿಮ್ಮುಖ: 3.5ರ ಐಕಾನನ್ನು ಹಳೆಯ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದರೆ ಅದು ತನಗೆ ಗೊತ್ತಿರುವಷ್ಟನ್ನೇ ಬರೆಯುತ್ತದೆ, ಬಾಲ ಸದ್ದಿಲ್ಲದೆ ಕಳಚಿಬೀಳುತ್ತದೆ. ಯಾವಾಗಲೂ ಪ್ರತಿಯ ಮೇಲೆ ಕೆಲಸ ಮಾಡಿ.

ಬಣ್ಣ ಸರಿಮಾಡಿದ ಮೇಲೆ ಐಕಾನ್ ಕಾಣುತ್ತದೆ, ಆದರೆ ತೆರೆಯುವುದಿಲ್ಲ ಎನ್ನುವ ದೂರೂ ಆಗಾಗ ಕೇಳಿಬರುತ್ತದೆ. ಐಕಾನ್ ಫೈಲ್ ಬರೀ ಚಿತ್ರವಲ್ಲ. ಅದರ ಬಗೆ, ಡೀಫಾಲ್ಟ್ ಟೂಲ್ (ಫೈಲನ್ನು ತೆರೆಯುವ ಪ್ರೋಗ್ರಾಂ), ಸ್ಟ್ಯಾಕ್ (ಪ್ರೋಗ್ರಾಂ ಓಡುವಾಗ ಬಳಸುವ ಮೆಮೊರಿ) ಅಳತೆ, ಕಿಟಕಿಯಲ್ಲಿ ಅದರ ಜಾಗ, ಡ್ರಾಯರ್ (ಫೋಲ್ಡರ್) ಆದರೆ ಅದು ತೆರೆಯುವ ಕಿಟಕಿಯ ಅಳತೆ ಎಲ್ಲವೂ ಅದೇ ಫೈಲಿನಲ್ಲಿವೆ. ಹೊಸ ಖಾಲಿ ಐಕಾನ್‌ನಲ್ಲಿ ಬಿಡಿಸಿ ಹಳೆಯದರ ಹೆಸರಿನಲ್ಲಿ ಸೇವ್ ಮಾಡಿದರೆ ಇವೆಲ್ಲ ಅಳಿಯುತ್ತವೆ. ಹಾಗಾಗಿ ಮೊದಲು ಮೂಲ ಐಕಾನನ್ನು ತೆರೆಯಿರಿ, ಚಿತ್ರವನ್ನು ಮಾತ್ರ ಬ್ರಷ್ (ಕತ್ತರಿಸಿ ಅಂಟಿಸುವ ಚಿತ್ರದ ತುಂಡು) ಆಗಿ ತಂದು ಅದರೊಳಗೆ ಹಾಕಿ, ಸೇವ್ ಮಾಡಿ. ಬೇರೆ ಫೈಲಿನ ಐಕಾನನ್ನು ನಕಲು ಮಾಡಿದಾಗ ಅದರ ಜಾಗವೂ ಜೊತೆಗೇ ಬಂದು ಎರಡು ಐಕಾನ್‌ಗಳು ಒಂದರ ಮೇಲೊಂದು ಕೂರುತ್ತವೆ. ಐಕಾನ್ಸ್ ಮೆನುವಿನ ಅನ್‌ಸ್ನ್ಯಾಪ್‌ಶಾಟ್ ಕೊಟ್ಟರೆ ಬೇರೆಯಾಗುತ್ತವೆ.

ಸಂಶಯ ಬಂದಾಗ ಶೆಲ್ (ಆದೇಶ ಬರೆಯುವ ಕಿಟಕಿ) ತೆರೆದು ಟೈಪ್ ಆದೇಶದ ಮುಂದೆ ಐಕಾನ್ ಫೈಲಿನ ಹೆಸರು, ಅದರ ಮುಂದೆ ಹೆಕ್ಸ್ ಎಂದು ಕೊಡಿ. ಸಾಲಿಗೆ 16 ಬೈಟ್‌ನಂತೆ ಫೈಲ್ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದ ಅಂಕೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಮೊದಲ ನಾಲ್ಕು ಅಂಕೆಗಳು ಇ310 (E310) ಆಗಿರಲೇಬೇಕು, ಇಲ್ಲದಿದ್ದರೆ ಅದು ಐಕಾನೇ ಅಲ್ಲ. ಅದೇ ಸಾಲಿನ ಕೊನೆಯ ನಾಲ್ಕು ಬೈಟ್ ಅಗಲ ಮತ್ತು ಎತ್ತರ. 40 ಅಗಲ, 20 ಎತ್ತರವಾದರೆ 0028 0014 ಎಂದು ಕಾಣುತ್ತದೆ, ಹಳೆಯ ಐಕಾನ್‌ಗಳಲ್ಲಿ ಎತ್ತರ ಒಂದು ಹೆಚ್ಚಿರುವುದೂ ಉಂಟು. ಎರಡನೆಯ ಸಾಲಿನ ಮೊದಲ ನಾಲ್ಕು ಅಂಕೆಗಳು ಆಯ್ಕೆ ಮಾಡಿದಾಗ ಏನಾಗಬೇಕು ಎಂದು ಹೇಳುತ್ತವೆ: 0004 ಎಂದರೆ ಬಣ್ಣ ಮಗುಚುವುದು, 0005 ಎಂದರೆ ಹಿನ್ನೆಲೆಯನ್ನು ಬಿಟ್ಟು ಮಗುಚುವುದು, 0006 ಎಂದರೆ ಎರಡನೆಯ ಚಿತ್ರ. ಎಂಟು ಬಣ್ಣದ ಪರದೆಯಲ್ಲಿ ಮಗುಚುವುದೆಂದರೆ 0 ಹೋಗಿ 7, 1 ಹೋಗಿ 6 ಆಗುವುದು. ಮ್ಯಾಜಿಕ್‌ಡಬ್ಲ್ಯುಬಿ ಬಣ್ಣಗಳಲ್ಲಿ ಇದು ನೋಡಲು ಹಿತವಾಗಿರುವುದಿಲ್ಲ, ಎರಡನೆಯ ಚಿತ್ರವನ್ನೇ ಬಿಡಿಸುವುದು ಲೇಸು. ನಾಲ್ಕನೆಯ ಸಾಲಿನ ಮೊದಲ ಬೈಟ್ ಐಕಾನ್‌ನ ಬಗೆ: 01 ಡಿಸ್ಕ್, 02 ಡ್ರಾಯರ್, 03 ಟೂಲ್ (ಪ್ರೋಗ್ರಾಂ), 04 ಪ್ರಾಜೆಕ್ಟ್ (ಪ್ರೋಗ್ರಾಂನಿಂದ ಮಾಡಿದ ಫೈಲ್), 05 ಟ್ರ್ಯಾಶ್‌ಕ್ಯಾನ್. ನಿಮ್ಮ ಡ್ರಾಯರ್ ತೆರೆಯದಿದ್ದರೆ ಅಲ್ಲಿ 03 ಇದೆಯೇ ನೋಡಿ.

ಅಳತೆಯ ಲೆಕ್ಕವನ್ನೂ ಒಮ್ಮೆ ಮಾಡಿಕೊಳ್ಳುವುದು ಒಳ್ಳೆಯದು. ಪ್ರತಿ ಸಾಲು 16 ಚುಕ್ಕಿಯ ಗುಣಕಕ್ಕೆ ಏರುತ್ತದೆ, ಆದ್ದರಿಂದ 40 ಅಗಲ ಎಂದರೆ 48ರ ಬೆಲೆ, ಅಂದರೆ 6 ಬೈಟ್. 20 ಸಾಲು, ಎರಡು ಪ್ಲೇನ್, ಎರಡು ಚಿತ್ರ: 480 ಬೈಟ್. ಚಿತ್ರಕ್ಕೆ 20ರಂತೆ ತಲೆಬರಹ 40, ಐಕಾನ್‌ನ ತಲೆಬರಹ 78. ಟೂಲ್‌ಟೈಪ್ ಇಲ್ಲದ ಟೂಲ್ ಐಕಾನ್ ಒಟ್ಟು 598 ಬೈಟ್. 880 ಕಿಲೋಬೈಟ್‌ನ ಫ್ಲಾಪಿಯಲ್ಲಿ ಇದು 512 ಬೈಟ್‌ನ ಮೂರು ಬ್ಲಾಕ್ ಹಿಡಿಯುತ್ತದೆ: ಒಂದು ಫೈಲ್ ತಲೆಗೆ, ಎರಡು ಮಾಹಿತಿಗೆ. ಹೇಗೂ 48ರ ಬೆಲೆ ತೆರುತ್ತೀರಿ, ಚಿತ್ರಕ್ಕೆ ಬೇಕಿದ್ದರೆ 48ರವರೆಗೂ ಬಿಡಿಸಿ. 49ಕ್ಕೆ ಹೋದರೆ ಒಂದು ಚುಕ್ಕಿಗಾಗಿ ಪ್ರತಿ ಸಾಲಿಗೂ ಎರಡು ಬೈಟ್ ಹೆಚ್ಚು ತೆರಬೇಕು.

ಅಗಲ ಎತ್ತರದ ಮಾತು ಬಂದದ್ದರಿಂದ ಇದನ್ನೂ ಗಮನಿಸಿ. 640×256ರ ಪರದೆಯಲ್ಲಿ ಚುಕ್ಕಿ ಚೌಕವಲ್ಲ, ಅಗಲಕ್ಕಿಂತ ಸುಮಾರು ಎರಡರಷ್ಟು ಎತ್ತರ. ಅಲ್ಲಿ ದುಂಡಗೆ ಕಾಣಬೇಕಾದ ಗಡಿಯಾರವನ್ನು 40 ಅಗಲ, 20 ಎತ್ತರಕ್ಕೆ ಬಿಡಿಸಬೇಕು. ಅದನ್ನೇ 640×512ರಲ್ಲಿ ತೆರೆದರೆ ಒತ್ತಿದ ಉದ್ದಿನ ವಡೆಯಂತೆ ಚಪ್ಪಟೆಯಾಗುತ್ತದೆ. ಅಮಿಗಾ 500ಕ್ಕೆ ಕೊಡುವ ಐಕಾನ್ ಬಿಡಿಸುವಾಗ 1200ರ ಪರದೆಯನ್ನೂ 640×256ಕ್ಕೆ ತಂದುಕೊಳ್ಳಿ, ಪ್ಯಾಲೆಟ್ ಪ್ರಿಫರೆನ್ಸ್‌ನಲ್ಲಿ ಪೆನ್ 0ರಿಂದ 3ನ್ನು 1.3ರ ನೀಲಿ, ಬಿಳಿ, ಕಪ್ಪು, ಕಿತ್ತಳೆಗೆ ತಿರುಗಿಸಿ, ಆಮೇಲೆ ಐಕಾನಿಯನ್ ತೆರೆಯಿರಿ. ಪ್ಯಾಲೆಟ್ ಕಿಟಕಿಯಲ್ಲಿ ಸೇವ್ ಬದಲು ಯೂಸ್ ಒತ್ತಿದರೆ ಮುಂದಿನ ಬಾರಿ ಯಂತ್ರ ಶುರುವಾದಾಗ ನಿಮ್ಮ ಬೂದು ಪರದೆ ಮರಳಿ ಸಿಗುತ್ತದೆ.