ಪಿಕಪ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಫ್ಲಶ್ ಮಾಡಿಸಬೇಕೆ, ಇಳಿಸಿ ತುಂಬಿದರೆ ಸಾಕೆ?

ಪ್ರಶ್ನೆ: ನಾನು ಬೇರೊಬ್ಬರು ಬಳಸಿದ ಪಿಕಪ್ ಟ್ರಕ್ ಒಂದನ್ನು ಕೊಂಡಿದ್ದೇನೆ. 1,60,000 ಕಿ.ಮೀ. ಓಡಿದೆ, ಹಿಂದಿನ ಮಾಲೀಕರು ಅದರಿಂದ ಆಗಾಗ ಟ್ರೇಲರ್ ಎಳೆಸಿದ್ದಾರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಬದಲಿಸಿದ ದಾಖಲೆ ಎಲ್ಲಿಯೂ ಸಿಗಲಿಲ್ಲ. ಒಬ್ಬ ಮೆಕ್ಯಾನಿಕ್ ಯಂತ್ರ ಹಾಕಿ ಪೂರ್ತಿ ಫ್ಲಶ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಗೇರ್‌ಬಾಕ್ಸ್‌ನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯಾದ ಪ್ಯಾನ್ ಬಿಚ್ಚಿ, ಫಿಲ್ಟರ್ ಬದಲಿಸಿ, ಇಳಿದಷ್ಟು ಆಯಿಲ್ ತುಂಬಿದರೆ ಸಾಕು ಎನ್ನುತ್ತಾರೆ. ಮೂರನೆಯವರ ಪ್ರಕಾರ ಇಷ್ಟು ಓಡಿದ ಮೇಲೆ ಅದನ್ನು ಮುಟ್ಟಲೇಬಾರದು. ಯಾರ ಮಾತು ಕೇಳಲಿ?

ಉತ್ತರ: ಗಾಡಿ ಈಗ ಜಾರದೆ, ತಡವರಿಸದೆ ಗೇರ್ ಬದಲಿಸುತ್ತಿದ್ದರೆ ಎರಡನೆಯವರ ಮಾತನ್ನು ಕೇಳಿ, ಆದರೆ ಆ ಕೆಲಸವನ್ನು ಒಂದೇ ಸಲಕ್ಕೆ ಮುಗಿಸದೆ, ಕೆಲವು ಸಾವಿರ ಕಿ.ಮೀ. ಅಂತರದಲ್ಲಿ ಎರಡು ಅಥವಾ ಮೂರು ಸಲ ಮಾಡಿಸಿ. ಗೇರ್‌ಬಾಕ್ಸ್ ಈಗಾಗಲೇ ತೊಂದರೆ ಕೊಡುತ್ತಿದ್ದರೆ ಮೂವರಲ್ಲಿ ಯಾರ ಸಲಹೆಯನ್ನೂ ಪಾಲಿಸುವ ಮೊದಲು ತೊಂದರೆ ಯಾವುದೆಂದು ತಪಾಸಣೆ ಮಾಡಿಸಬೇಕು. ಎಷ್ಟು ಓಡಿದೆ ಎಂಬ ಒಂದೇ ಅಂಕಿಯಿಂದ ಈ ನಿರ್ಧಾರ ಮಾಡಲಾಗದು. ಗೇರ್‌ಬಾಕ್ಸ್ ಇಂದು ಹೇಗೆ ನಡೆದುಕೊಳ್ಳುತ್ತಿದೆ, ಪ್ಯಾನ್ ಬಿಚ್ಚಿದಾಗ ತಳದಲ್ಲಿ ಏನು ಸಿಗುತ್ತದೆ ಎಂಬ ಎರಡು ಸಂಗತಿಗಳೇ ಹೆಚ್ಚು ಹೇಳುತ್ತವೆ.

ಎಂಜಿನ್ ಆಯಿಲ್‌ಗಿಂತ ಈ ಆಯಿಲ್‌ನ ಹೊಣೆ ಹೆಚ್ಚು. ಟಾರ್ಕ್ ಕನ್ವರ್ಟರ್‌ನೊಳಗೆ ಎಂಜಿನ್‌ನ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಇದೇ ದ್ರವ. ಆಯಿಲ್ ಎತ್ತ ಹರಿಯಬೇಕೆಂದು ನಿಯಂತ್ರಿಸುವ ವಾಲ್ವ್ ಬಾಡಿಯ ಸಣ್ಣ ಓಣಿಗಳಲ್ಲಿ ಒತ್ತಡವಾಗಿ ಹರಿದು ಕ್ಲಚ್‌ಗಳನ್ನು ಅದುಮುವುದೂ ಇದೇ. ಬೇರಿಂಗ್‌ಗಳಿಗೆ ಜಿಡ್ಡು ಒದಗಿಸಿ, ಹುಟ್ಟಿದ ಶಾಖವನ್ನು ಕೂಲರ್‌ಗೆ ಹೊತ್ತೊಯ್ಯುವುದೂ ಇದರದೇ ಕೆಲಸ. ಇವೆಲ್ಲದರ ಜೊತೆಗೆ, ಕ್ಲಚ್ ಪ್ಲೇಟುಗಳು ಒಂದಕ್ಕೊಂದು ತಾಗುವ ಕ್ಷಣದಲ್ಲಿ ಎಷ್ಟು ಘರ್ಷಣೆ ಇರಬೇಕು ಎಂಬುದನ್ನು ಆಯಿಲ್‌ನಲ್ಲಿ ಬೆರೆಸಿರುವ ರಾಸಾಯನಿಕಗಳು ನಿಯಂತ್ರಿಸುತ್ತವೆ. ಬಿಸಿಯಿಂದ ಆಯಿಲ್ ಆಕ್ಸಿಡೀಕರಣಗೊಂಡು ಆ ರಾಸಾಯನಿಕಗಳು ಸವೆದಾಗ, ಗೇರ್ ಬದಲಾವಣೆ ಒರಟಾಗುತ್ತದೆ. ಹದವಾದ ವೇಗದಲ್ಲಿ ಸಾಗುವಾಗ ರಸ್ತೆಯ ಉಬ್ಬುಗಳ ಮೇಲೆ ಹೋದಂತೆ ಒಂದು ನಡುಕ ಕಾಣಿಸಿಕೊಳ್ಳುತ್ತದೆ. ಆಕ್ಸಿಡೀಕರಣದ ವೇಗ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಎರಡು ಪಟ್ಟಾಗುತ್ತದೆ ಎಂಬುದು ಎಣ್ಣೆಗಳ ವಿಷಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಟ್ರೇಲರ್ ಎಳೆಯುತ್ತಾ ಏರು ಹತ್ತುವಾಗ ಟಾರ್ಕ್ ಕನ್ವರ್ಟರ್‌ನ ಎರಡು ಬದಿಗಳನ್ನು ನೇರವಾಗಿ ಬೆಸೆಯುವ ಲಾಕ್-ಅಪ್ ಕ್ಲಚ್ ಹಿಡಿದುಕೊಳ್ಳದೆ ಉಳಿದರೆ ಶಾಖವೆಲ್ಲ ಆಯಿಲ್‌ನಲ್ಲೇ ಹುಟ್ಟುವುದರಿಂದ, ನಿಮ್ಮ ಗಾಡಿಯ 1,60,000 ಕಿ.ಮೀ.ಯನ್ನು ಬರಿಗಾಡಿಯಾಗಿ ಹೆದ್ದಾರಿಯಲ್ಲಿ ಓಡಿದ ಅಷ್ಟೇ ದೂರಕ್ಕೆ ಸಮವೆಂದು ಎಣಿಸಲಾಗದು.

ಹಾಗಾದರೆ ಕೆಲವು ಕೈಪಿಡಿಗಳಲ್ಲಿ ಈ ಆಯಿಲ್ ಗಾಡಿಯ ಆಯುಷ್ಯಪೂರ್ತಿ ಬರುತ್ತದೆ ಎಂದು ಏಕಿದೆ? ಅದೇ ಕೈಪಿಡಿಯ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆಗೆಂದು ಬೇರೊಂದು ಪಟ್ಟಿ ಇರುವುದನ್ನು ಹಲವರು ಗಮನಿಸುವುದಿಲ್ಲ. ಭಾರ ಎಳೆಯುವುದು, ಬೆಟ್ಟದ ರಸ್ತೆ, ಸುಡುಬಿಸಿಲಿನಲ್ಲಿ ನಿಂತು ನಿಂತು ಸಾಗುವುದು ಸಾಮಾನ್ಯವಾಗಿ ಆ ಪಟ್ಟಿಗೆ ಸೇರುತ್ತವೆ. ಗೇರ್‌ಬಾಕ್ಸ್ ತಯಾರಿಸುವವರು ಮತ್ತು ಅದನ್ನು ಗಾಡಿಯಲ್ಲಿ ಕೂರಿಸಿ ಮಾರುವವರು ಒಂದೇ ಮಾತು ಹೇಳುವುದೂ ಇಲ್ಲ. ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಆಯಿಲನ್ನು ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿ.ಮೀ. ನಡುವೆ, ತಡವೆಂದರೆ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ. ಅದೇ ಗೇರ್‌ಬಾಕ್ಸ್ ಅಳವಡಿಸಿದ ಕೆಲವು ವಾಹನ ಕಂಪನಿಗಳು ಬದಲಾವಣೆಯೇ ಬೇಡವೆನ್ನುತ್ತವೆ. ನನ್ನ ಮತದಲ್ಲಿ ಇಲ್ಲಿ ಗೇರ್‌ಬಾಕ್ಸ್ ಮಾಡಿದವರ ಮಾತಿಗೆ ಹೆಚ್ಚು ತೂಕ ಕೊಡಬೇಕು.

ಮೂರನೆಯ ಮೆಕ್ಯಾನಿಕ್‌ನ ಭಯಕ್ಕೆ ಆಧಾರವಿಲ್ಲವೆನ್ನಲಾಗದು, ಆದರೆ ಅವರು ಕಾರಣವನ್ನು ತಿರುವುಮುರುವು ಮಾಡಿಕೊಂಡಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಆಯಿಲ್ ಬದಲಿಸದವರು ವರ್ಕ್‌ಶಾಪ್‌ಗೆ ಬರುವುದೇ ಗೇರ್ ಜಾರತೊಡಗಿದ ಮೇಲೆ. ಆಗ ಕ್ಲಚ್ ಪ್ಲೇಟುಗಳಿಗೆ ಹಿಡಿತ ಕೊಡುವ ಲೈನಿಂಗ್ ಪದರ ಬಹುತೇಕ ಸವೆದಿರುತ್ತದೆ, ಹೊಸ ಆಯಿಲ್ ಹಾಕಿದ ಕೆಲವೇ ವಾರಗಳಲ್ಲಿ ಗೇರ್‌ಬಾಕ್ಸ್ ಕೈಕೊಡುತ್ತದೆ, ಅಪವಾದ ಆಯಿಲ್ ಮೇಲೆ ಬೀಳುತ್ತದೆ. ಹಳೆಯ ಆಯಿಲ್‌ನಲ್ಲಿ ತೇಲುತ್ತಿದ್ದ ಲೈನಿಂಗ್ ಪುಡಿಯೇ ಸವೆದ ಪ್ಲೇಟುಗಳಿಗೆ ಕೊಂಚ ಹಿಡಿತ ಕೊಡುತ್ತಿತ್ತು ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ಅದನ್ನು ಒಪ್ಪಿದರೂ, ಅಂಥ ಗೇರ್‌ಬಾಕ್ಸ್‌ಗೆ ಉಳಿದಿದ್ದ ಬಾಳಿಕೆ ಅಲ್ಪವೇ. ಆದ್ದರಿಂದ ಡ್ರೈವ್‌ಗೆ ಹಾಕಿದ ಎರಡು ಕ್ಷಣಗಳ ನಂತರ ಗಾಡಿ ಹೊರಡುವುದು, ಎಂಜಿನ್ ಸದ್ದು ಏರಿದರೂ ವೇಗ ಏರದಿರುವುದು ಮುಂತಾದ ಲಕ್ಷಣಗಳಿದ್ದರೆ ಮೊದಲು ಆಯಿಲ್ ಮಟ್ಟವನ್ನು ನೋಡಿಸಿ, ಏಕೆಂದರೆ ಮಟ್ಟ ಇಳಿದಿದ್ದರೂ ಹೀಗೆಯೇ ಆಗುತ್ತದೆ. ಮಟ್ಟ ಸರಿಯಿದ್ದರೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷ ಸಂಕೇತಗಳನ್ನು ಸ್ಕ್ಯಾನರ್‌ನಿಂದ ಓದಿಸಿ, ಒತ್ತಡದ ಪರೀಕ್ಷೆ ಮಾಡಿಸಿ. ಲೈನಿಂಗ್ ಸವೆದುಹೋಗಿರುವ ಗೇರ್‌ಬಾಕ್ಸ್‌ಗೆ ಯಾವ ಆಯಿಲ್ ಹಾಕಿದರೂ ಅದು ವ್ಯರ್ಥ ಖರ್ಚು.

ಇನ್ನು ಇಳಿಸಿ ತುಂಬುವುದರ ಮಿತಿ. ದೊಡ್ಡ ಪಿಕಪ್ ಒಂದರ ಗೇರ್‌ಬಾಕ್ಸ್‌ನಲ್ಲಿ ಒಟ್ಟು 12 ಲೀಟರ್ ಆಯಿಲ್ ಇದೆ, ಪ್ಯಾನ್ ಬಿಚ್ಚಿದಾಗ 5 ಲೀಟರ್ ಇಳಿಯುತ್ತದೆ ಎಂದುಕೊಳ್ಳೋಣ. ಉಳಿದ 7 ಲೀಟರ್ ಟಾರ್ಕ್ ಕನ್ವರ್ಟರ್, ಕೂಲರ್ ಮತ್ತು ಪೈಪುಗಳಲ್ಲಿ ನಿಂತಿರುತ್ತದೆ. ಮೊದಲ ಸಲ ಹೊಸ ಆಯಿಲ್‌ನ ಪಾಲು ಶೇ. 42. ಸ್ವಲ್ಪ ಓಡಿಸಿ ಎಲ್ಲವೂ ಬೆರೆತ ಮೇಲೆ ಮತ್ತೆ 5 ಲೀಟರ್ ಬದಲಿಸಿದರೆ ಅದು ಸುಮಾರು ಶೇ. 66 ಆಗುತ್ತದೆ, ಮೂರನೆಯ ಸಲಕ್ಕೆ ಸುಮಾರು ಶೇ. 80. ಪ್ರತಿ ಸಲದ ಲಾಭ ಕುಗ್ಗುತ್ತಾ ಹೋಗುವುದರಿಂದ ನಾಲ್ಕನೆಯದಕ್ಕೆ ಅರ್ಥವಿಲ್ಲ. ಫಿಲ್ಟರನ್ನು ಮೊದಲ ಸಲ ಬದಲಿಸಿದರೆ ಸಾಕು. ಡ್ರೈನ್ ಪ್ಲಗ್ ಇರುವ ಗಾಡಿಗಳಲ್ಲಿ ಉಳಿದ ಸಲ ಪ್ಯಾನ್ ಬಿಚ್ಚುವ ಅಗತ್ಯವೂ ಇಲ್ಲ.

ಫ್ಲಶ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದು ವಿಧಾನದಲ್ಲಿ ಕೂಲರ್‌ನ ಪೈಪ್ ಬಿಚ್ಚಿ ಯಂತ್ರಕ್ಕೆ ಜೋಡಿಸುತ್ತಾರೆ. ಗೇರ್‌ಬಾಕ್ಸ್‌ನ ಸ್ವಂತ ಪಂಪ್ ಹಳೆಯ ಆಯಿಲನ್ನು ಹೊರಕ್ಕೆ ತಳ್ಳಿದಂತೆ ಯಂತ್ರ ಅಷ್ಟೇ ಹೊಸದನ್ನು ಒಳಕ್ಕೆ ಬಿಡುತ್ತದೆ. ಇದು ಸಾಧುವಾದ ವಿಧಾನ. ಒಂದೇ ಸಲಕ್ಕೆ ಬಹುತೇಕ ಆಯಿಲ್ ಬದಲಾಗುತ್ತದೆ. ಇನ್ನೊಂದರಲ್ಲಿ ಯಂತ್ರವೇ ಒತ್ತಡ ಹಾಕಿ, ಕೆಲವೊಮ್ಮೆ ತೊಳೆಯುವ ರಾಸಾಯನಿಕವನ್ನೂ ಬೆರೆಸಿ ಒಳಗೆಲ್ಲ ಹಾಯಿಸುತ್ತದೆ. ವರ್ಷಗಳಿಂದ ಮೂಲೆಗಳಲ್ಲಿ ಕುಳಿತ ಗಸಿ ಹೀಗೆ ಎದ್ದು ವಾಲ್ವ್ ಬಾಡಿಯ ಕಿರಿದಾದ ಹಾದಿಗಳಲ್ಲಿ, ಸೊಲೆನಾಯ್ಡ್‌ಗಳ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್‌ಗಳ) ಜರಡಿಗಳಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ, ಇತಿಹಾಸ ತಿಳಿಯದ ಗೇರ್‌ಬಾಕ್ಸ್‌ಗೆ ಇದನ್ನು ಮಾಡಿಸಬಾರದು. ಎರಡರಲ್ಲಿ ಯಾವುದೇ ಆಗಲಿ, ಪ್ಯಾನ್ ಬಿಚ್ಚದೆ ಮಾಡಿದರೆ ಹಳೆಯ ಫಿಲ್ಟರ್ ಹಾಗೆಯೇ ಉಳಿಯುತ್ತದೆ ಮತ್ತು ತಳದಲ್ಲಿ ಏನಿತ್ತೆಂದು ಯಾರೂ ನೋಡುವುದಿಲ್ಲ. ನಿಮ್ಮ ಗಾಡಿಗೆ ನಾನು ಮೊದಲ ಹೆಜ್ಜೆಯಾಗಿ ಫ್ಲಶ್ ಬೇಡವೆನ್ನಲು ಮುಖ್ಯ ಕಾರಣ ಈ ಕೊನೆಯದು.

ಪೂರ್ತಿ ಬದಲಾವಣೆಯೇ ಸರಿಯಾದ ಸಂದರ್ಭಗಳೂ ಇವೆ. ಹಿಂದೆ ಯಾರೋ ತಪ್ಪು ಆಯಿಲ್ ತುಂಬಿದ್ದರೆ ಅರ್ಧ ಬದಲಿಸಿ ಪ್ರಯೋಜನವಿಲ್ಲ. ಜನರಲ್ ಮೋಟಾರ್ಸ್‌ನ 8 ಗೇರ್‌ಗಳ 8ಎಲ್90 ಮತ್ತು 8ಎಲ್45 ಗೇರ್‌ಬಾಕ್ಸ್‌ಗಳಲ್ಲಿ ಮೂಲ ಆಯಿಲ್ ತೇವ ಹೀರಿಕೊಂಡು ಲಾಕ್-ಅಪ್ ಕ್ಲಚ್ ನಡುಗುತ್ತಿದ್ದಾಗ, ಬೇರೊಂದು ಆಯಿಲ್‌ನಿಂದ ಪೂರ್ತಿ ಬದಲಾಯಿಸುವಂತೆ ಕಂಪನಿಯೇ ತನ್ನ ಡೀಲರ್‌ಗಳಿಗೆ ಸೂಚಿಸಿತ್ತು. ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ಕೂಲಂಟ್ ಸೇರಿ ಆಯಿಲ್ ಗುಲಾಬಿ ಬಣ್ಣದ ಹಾಲಿನಂತಾಗಿದ್ದರೆ ವಿಷಯ ಇನ್ನೂ ಗಂಭೀರ: ಕೂಲಂಟ್‌ನಲ್ಲಿರುವ ಗ್ಲೈಕಾಲ್ ಕ್ಲಚ್ ಲೈನಿಂಗ್‌ನ ಅಂಟನ್ನು ಕೆಡಿಸುವುದರಿಂದ, ತಡವಾದರೆ ಬಿಚ್ಚಿ ದುರಸ್ತಿ ಮಾಡುವುದೊಂದೇ ದಾರಿ.

ಪ್ಯಾನ್ ಬಿಚ್ಚುವ ಕೆಲಸ ಸರಳವಾಗಿ ಕಂಡರೂ ಎಡವಟ್ಟಾಗುವ ಜಾಗಗಳಿವೆ. ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ತಿರುಗುತ್ತದೆಯೇ ಎಂದು ನೋಡಬೇಕು. ತುಕ್ಕು ಹಿಡಿದು ಅದು ಬಾರದಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಪರದಾಡಬೇಕಾಗುತ್ತದೆ. ಇಳಿದ ಆಯಿಲನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಎಷ್ಟಿದೆಯೆಂದು ಬರೆದಿಡಬೇಕು. ಹಳೆಯ ಫಿಲ್ಟರ್ ಎಳೆದಾಗ ಅದರ ಸೀಲ್ ಹಲವು ಸಲ ಮೇಲಿನ ರಂಧ್ರದಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಗಮನಿಸದೆ ಹೊಸ ಫಿಲ್ಟರ್ ತುರುಕಿದರೆ ಪಂಪ್ ಗಾಳಿ ಎಳೆಯತೊಡಗುತ್ತದೆ. ಝಡ್‌ಎಫ್‌ನ 8ಎಚ್‌ಪಿ ಗೇರ್‌ಬಾಕ್ಸ್‌ನಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್‌ನೊಳಗೇ ಸೇರಿಕೊಂಡಿರುವುದರಿಂದ ಇಡೀ ಪ್ಯಾನನ್ನೇ ಬದಲಿಸಬೇಕು, ಅಲಿಸನ್ 1000 ಗೇರ್‌ಬಾಕ್ಸ್‌ನಲ್ಲಿ ತಿರುಗಿಸಿ ಬಿಚ್ಚುವ ಫಿಲ್ಟರ್ ಹೊರಗೇ ಇದೆ. ಪ್ಯಾನ್‌ನ ಬೋಲ್ಟುಗಳು ಅಲ್ಯುಮಿನಿಯಂ ಮೈಯಲ್ಲಿ ಕೂರುತ್ತವೆ. ಕೈಪಿಡಿ ಹೇಳಿದ ಅಲ್ಪ ಬಿಗಿತವನ್ನು ಟಾರ್ಕ್ ರೆಂಚ್‌ನಿಂದ ಅಳೆದೇ ಹಾಕಬೇಕು.

ತಳದಲ್ಲಿರುವ ಅಯಸ್ಕಾಂತವನ್ನು ಒರೆಸಿ ಬಿಸಾಡುವ ಮೊದಲು ಅದನ್ನು ನೀವೇ ನೋಡಿ, ಒಂದು ಫೋಟೊ ತೆಗೆದಿಡಿ. ಬೂದು ಬಣ್ಣದ, ಬೆರಳಿಗೆ ನುಣ್ಣಗೆ ಹತ್ತುವ ಲೇಪ ಸಹಜ ಸವೆತ, ಅದಕ್ಕೆ ಅಂಜಬೇಕಿಲ್ಲ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳು, ಅಯಸ್ಕಾಂತಕ್ಕೆ ಅಂಟದೆ ಆಯಿಲ್‌ನಲ್ಲಿ ಮಿನುಗುವ ಅಲ್ಯುಮಿನಿಯಂ ಅಥವಾ ಹಿತ್ತಾಳೆ ಬಣ್ಣದ ಕಣಗಳು, ಕಪ್ಪು ಲೈನಿಂಗ್ ಚೂರುಗಳು ಕಂಡರೆ ಬಿಡಿಭಾಗಗಳು ಸವೆಯುತ್ತಿವೆ ಎಂದೇ ತಿಳಿಯಬೇಕು. ಬಣ್ಣವನ್ನು ಮಾತ್ರ ಅತಿಯಾಗಿ ನಂಬಬೇಡಿ. ಹೊಸದಾಗಿರುವಾಗ ಹೆಚ್ಚಿನ ಆಯಿಲ್‌ಗಳು ಕೆಂಪಾಗಿದ್ದರೂ ಝಡ್‌ಎಫ್‌ನ ಲೈಫ್‌ಗಾರ್ಡ್ 8 ಆಯಿಲ್ ಹಸಿರು. ಕೆಲವು ಆಯಿಲ್‌ಗಳು ಗುಣ ಕೆಡದೆಯೂ ಬೇಗ ಕಪ್ಪಾಗುತ್ತವೆ. ಸುಟ್ಟ ವಾಸನೆ ಬಣ್ಣಕ್ಕಿಂತ ನಂಬಲರ್ಹವಾದ ಸಾಕ್ಷಿ.

ಯಾವ ಆಯಿಲ್ ಎಂಬುದರಲ್ಲಿ ರಾಜಿ ಬೇಡ. ಫೋರ್ಡ್‌ನ 6 ಗೇರ್‌ಗಳ 6ಆರ್80ಗೆ ಮರ್ಕಾನ್ ಎಲ್‌ವಿ ಬೇಕು, 10 ಗೇರ್‌ಗಳ 10ಆರ್80ಗೆ ಮರ್ಕಾನ್ ಯುಎಲ್‌ವಿ; 100 ಡಿಗ್ರಿಯಲ್ಲಿ ಮೊದಲನೆಯದರ ಸ್ನಿಗ್ಧತೆ (ಮಂದತೆ) ಸುಮಾರು 6 ಸೆಂಟಿಸ್ಟೋಕ್ಸ್, ಎರಡನೆಯದರದು ಸುಮಾರು 4.5. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವಿರುವ ಇವನ್ನೇ ಅದಲುಬದಲು ಮಾಡುವಂತಿಲ್ಲ ಎಂದಮೇಲೆ, ಟೊಯೊಟಾದ ಡಬ್ಲ್ಯುಎಸ್ ಬೇಕಾದಲ್ಲಿ ಇನ್ನೊಂದನ್ನು, ಕ್ರೈಸ್ಲರ್‌ನ ಎಟಿಎಫ್+4 ಬೇಕಾದಲ್ಲಿ ಮತ್ತೊಂದನ್ನು ಸುರಿಯುವ ಮಾತೇ ಇಲ್ಲ. ಎಲ್ಲ ಗಾಡಿಗಳಿಗೂ ಹೊಂದುತ್ತದೆ ಎಂಬ ಡಬ್ಬಿಯ ಮೇಲಿನ ಸಾಲನ್ನು ನಂಬದೆ, ನಿಮ್ಮ ಕೈಪಿಡಿಯ ವಿವರಣೆಗೆ ಅಧಿಕೃತ ಪರವಾನಗಿ ಇದೆಯೇ ಎಂದು ನೋಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಸೋಲುವುದು ಮಟ್ಟ ನೋಡುವಾಗ. ಈಗಿನ ಹಲವು ಗೇರ್‌ಬಾಕ್ಸ್‌ಗಳಲ್ಲಿ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲ. ಒಂದು ಪ್ಲಗ್ ಬಿಚ್ಚಿ, ಆಯಿಲ್ ಸಣ್ಣಗೆ ತೊಟ್ಟಿಕ್ಕುವ ಮಟ್ಟವನ್ನೇ ಸರಿಯೆಂದು ಗಣಿಸಬೇಕು, ಅದೂ ಕಂಪನಿ ಹೇಳಿದ ತಾಪಮಾನದಲ್ಲಿ ಮಾತ್ರ. ಝಡ್‌ಎಫ್ ಗೇರ್‌ಬಾಕ್ಸ್‌ಗಳಲ್ಲಿ ಅದು 30ರಿಂದ 50 ಡಿಗ್ರಿ ನಡುವೆ ಇರುತ್ತದೆ, ಬೇರೆಯವುಗಳಲ್ಲಿ ಬೇರೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಬ್ರೇಕ್ ಒತ್ತಿ ಪ್ರತಿ ಗೇರ್ ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ ಪಾರ್ಕ್‌ಗೆ ಮರಳಿಸಿರಬೇಕು, ಎಂಜಿನ್ ಓಡುತ್ತಲೇ ಇರಬೇಕು, ತಾಪಮಾನವನ್ನು ಸ್ಕ್ಯಾನರ್‌ನಲ್ಲಿ ನೋಡಬೇಕು. ಆಯಿಲ್ ಬಿಸಿಯಾದಂತೆ ಹಿಗ್ಗುವುದರಿಂದ, 80 ಡಿಗ್ರಿಯಲ್ಲಿ ನೋಡಿ ಸರಿಯೆಂದುಕೊಂಡ ಮಟ್ಟ ನಿಜದಲ್ಲಿ ಕಡಿಮೆಯೇ ಆಗಿರುತ್ತದೆ. ಕಡಿಮೆಯಾದರೆ ಪಂಪ್ ಗಾಳಿ ಹೀರುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಒತ್ತಡ ಕುಸಿದು ಕ್ಲಚ್ ಜಾರುತ್ತದೆ. ಕೆಲಸ ಒಪ್ಪಿಸುವ ಮೊದಲು ಮೆಕ್ಯಾನಿಕ್‌ಗೆ ಯಾವ ತಾಪಮಾನದಲ್ಲಿ ಮಟ್ಟ ನೋಡುತ್ತೀರಿ ಎಂದು ಕೇಳಿ. ಥಟ್ಟನೆ ಅಂಕಿ ಹೇಳಬಲ್ಲವರಿಗೆ, ಇಲ್ಲವೇ ಕೈಪಿಡಿ ತೆರೆದು ನೋಡುವವರಿಗೆ ಗಾಡಿ ಕೊಡಿ.

ನಿಮ್ಮ ಗಾಡಿಯ ಮಟ್ಟಿಗೆ ಕ್ರಮ ಹೀಗಿರಲಿ. ಮೊದಲು ಮಟ್ಟ ಮತ್ತು ದೋಷ ಸಂಕೇತಗಳ ತಪಾಸಣೆ; ನಂತರ ಪ್ಯಾನ್, ಫಿಲ್ಟರ್, ಗ್ಯಾಸ್ಕೆಟ್ ಸಹಿತ ಮೊದಲ ಬದಲಾವಣೆ. ಅಯಸ್ಕಾಂತದಲ್ಲಿ ಲೇಪ ಮಾತ್ರ ಇದ್ದರೆ 2,000ದಿಂದ 5,000 ಕಿ.ಮೀ. ಓಡಿಸಿ ಎರಡನೆಯದು, ಆಯಿಲ್ ಇನ್ನೂ ಕಪ್ಪಾಗಿಯೇ ಇಳಿದರೆ ಮೂರನೆಯದು. ಆಮೇಲೆ ಟ್ರೇಲರ್ ಎಳೆಯುವುದು ಮುಂದುವರಿದರೆ 50,000 ಕಿ.ಮೀ. ಆಸುಪಾಸಿಗೊಮ್ಮೆ, ಇಲ್ಲವಾದರೆ 80,000ಕ್ಕೊಮ್ಮೆ ಬದಲಿಸಿದರೆ ಸಾಕು. ಕೈಪಿಡಿ ಇದಕ್ಕಿಂತ ಬೇಗ ಎಂದಿದ್ದರೆ ಅದನ್ನೇ ಪಾಲಿಸಿ. ಹೊಸ ಆಯಿಲ್ ಬಿದ್ದ ಮೇಲೆ ಮೊದಲ ಕೆಲವು ದಿನ ಗೇರ್ ಬದಲಾವಣೆಯ ಹದ ತುಸು ಬೇರೆಯಾಗಿ ಅನ್ನಿಸಬಹುದು, ಏಕೆಂದರೆ ಕಂಪ್ಯೂಟರ್ ಹಳೆಯ ಆಯಿಲ್‌ಗೆ ತಕ್ಕಂತೆ ಒತ್ತಡವನ್ನು ಹೊಂದಿಸಿಕೊಂಡಿರುತ್ತದೆ. ಅದು ತಾನಾಗಿ ಸರಿಹೋಗುತ್ತದೆ. ಎರಡನೆಯ ಬದಲಾವಣೆಯ ನಂತರವೂ ನಡುಕ ಅಥವಾ ಒರಟುತನ ಉಳಿದಿದ್ದರೆ ಮೂರನೆಯದಕ್ಕೆ ಆಯಿಲ್ ಕೊಳ್ಳದೆ, ಆ ಹಣದಲ್ಲಿ ಸೊಲೆನಾಯ್ಡ್‌ಗಳನ್ನೂ ಟಾರ್ಕ್ ಕನ್ವರ್ಟರನ್ನೂ ಪರೀಕ್ಷೆ ಮಾಡಿಸಿ.