ಬೇಲಿಯ ಬಳ್ಳಿಯೂ ಚಿಟ್ಟೆಯ ಕುಲವೂ

ಉಡುಪಿ, ಮಂಗಳೂರಿನ ಕೆಂಪುಕಲ್ಲಿನ ಪಾಗಾರಗಳ ಮೇಲೆ ಯಾರೂ ನೆಡದೆ ಹಬ್ಬುವ ಒಂದು ಬಳ್ಳಿಯಿದೆ. ಜಾಲರಿಯಂಥ ಹಸಿರು ಹೊದಿಕೆಯೊಳಗೆ ಗೋಲಿ ಗಾತ್ರದ ಹಣ್ಣು ಬಿಡುವ ಇದು ತೋಟದ ಪ್ಯಾಶನ್ ಫ್ರೂಟಿನ ಕಾಡು ಸೋದರಿ, ಪ್ಯಾಸಿಫ್ಲೋರಾ ಫೀಟಿಡಾ. ಅದರ ಸುತ್ತ ನಿಧಾನವಾಗಿ ಹಾರಾಡುವ ಕೇಸರಿ ಬಣ್ಣದ ಟಾನಿ ಕೋಸ್ಟರ್ ಚಿಟ್ಟೆಯನ್ನು ನಮ್ಮಲ್ಲಿ ಕಾಣದವರು ಕಡಿಮೆ. ಆದರೆ ಅದರ ಹೆಸರನ್ನು ಹುಡುಕಿ ಹೊರಟವರಿಗೆ ಒಂದು ಪುಸ್ತಕದಲ್ಲಿ ಆಕ್ರೀಯಾ ವಯೋಲೆ, ಇನ್ನೊಂದರಲ್ಲಿ ಟೆಲ್ಕಿನಿಯಾ ವಯೋಲೆ, ಈಚಿನ ಪಟ್ಟಿಗಳಲ್ಲಿ ಆಕ್ರೀಯಾ ಟರ್ಪ್ಸಿಕೋರೆ ಎಂದು ಸಿಗುತ್ತದೆ. ಹತ್ತಿರದ ಕುಲಗಳನ್ನು ಒಟ್ಟುಗೂಡಿಸುವ ಉಪಕುಟುಂಬದ ಹೆಸರೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ.

ಈ ಗೊಂದಲದ ಬೇರು 1758ರಲ್ಲಿದೆ. ಆಗ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಜಗತ್ತಿನ ಎಲ್ಲ ಚಿಟ್ಟೆಗಳನ್ನೂ ಪ್ಯಾಪಿಲಿಯೋ ಎಂಬ ಒಂದೇ ಕುಲದಲ್ಲಿಟ್ಟು, ಅದರೊಳಗೆ ರೆಕ್ಕೆಯ ಆಕಾರವನ್ನು ನೋಡಿ ಗುಂಪುಗಳನ್ನು ಮಾಡಿದ. ಒಂದು ಗುಂಪಿಗೆ ಗ್ರೀಕ್ ಕಲಾದೇವತೆಯರ ಹೆಲಿಕಾನ್ ಪರ್ವತದ ಹೆಸರನ್ನು ಕೊಟ್ಟು, ನಮ್ಮ ಬೇಲಿಯ ಚಿಟ್ಟೆಗೆ ನೃತ್ಯದ ದೇವತೆಯ ಹೆಸರಿಟ್ಟು ಅದರಲ್ಲಿ ಸೇರಿಸಿದ. ಅಮೆರಿಕದ ನೀಳ ರೆಕ್ಕೆಯ ಹೆಲಿಕೋನಿಯಸ್‌ಗಳೂ ಅಲ್ಲೇ ಇದ್ದವು. ಇಂದಿನ ತಿಳಿವಳಿಕೆಗೆ ಈ ಜೊತೆ ಸರಿಯೇ, ಆದರೆ ಅದು ಆಕಸ್ಮಿಕ. ಯಾವ ಹತ್ತಿರದ ನಂಟೂ ಇಲ್ಲದ ಯುರೋಪಿನ ಅಪೋಲೊ ಚಿಟ್ಟೆಯೂ ಅದೇ ಗುಂಪಿನಲ್ಲಿತ್ತು.

ಮುಂದಿನ ಒಂದೂವರೆ ಶತಮಾನದಲ್ಲಿ ಈ ಗುಂಪು ಒಡೆದು ಹಂಚಿಹೋಯಿತು. ಅಮೆಜಾನಿನಲ್ಲಿ ಹನ್ನೊಂದು ವರ್ಷ ಕಳೆದು ಬಂದ ಇಂಗ್ಲಿಷ್ ನಿಸರ್ಗತಜ್ಞ ಬೇಟ್ಸ್ 1862ರಲ್ಲಿ, ನೋಡಲು ಒಂದೇ ಆಗಿದ್ದ ಅಲ್ಲಿನ ಚಿಟ್ಟೆಗಳಲ್ಲಿ ಎರಡು ಬೇರೆ ವಂಶಗಳಿವೆ ಎಂದು ತೋರಿಸಿದ. ವಿಷವಿರುವ ಚಿಟ್ಟೆಗಳು ಪರಸ್ಪರ ಹೋಲುವುದರಿಂದ ಎರಡಕ್ಕೂ ಲಾಭವಿದೆ ಎಂಬುದನ್ನು ಜರ್ಮನ್ ಜೀವವಿಜ್ಞಾನಿ ಫ್ರಿಟ್ಸ್ ಮ್ಯೂಲರ್ ವಿವರಿಸಿದ. ರೆಕ್ಕೆಯ ಬಣ್ಣವನ್ನು ನಂಬಿ ವಂಶ ಹೇಳಬಾರದೆಂಬ ಪಾಠ ಅಲ್ಲಿಗೇ ಸಿಕ್ಕಿತ್ತು. ಆದರೂ ಬ್ರಿಟಿಷ್ ಕಾಲದ ಭಾರತೀಯ ಗ್ರಂಥಗಳಲ್ಲಿ ಟಾನಿ ಕೋಸ್ಟರ್ ಒಂದು ಪ್ರತ್ಯೇಕ ಉಪಕುಟುಂಬದಲ್ಲಿ ಕುಳಿತರೆ, ಅದೇ ತೋಟದಲ್ಲಿ ಹಾರುವ ಕಾಮನ್ ಲೆಪರ್ಡ್ ಮತ್ತು ತಮಿಳ್ ಯೋಮನ್ ಚಿಟ್ಟೆಗಳು ಬೇರೊಂದು ದೊಡ್ಡ ಉಪಕುಟುಂಬದಲ್ಲಿ ಉಳಿದವು.

ಈ ಅಗಲಿಕೆಯನ್ನು ಸರಿಪಡಿಸಿದ್ದರಲ್ಲಿ ಮರಿಹುಳುಗಳ ಊಟದ ಪಾಲು ದೊಡ್ಡದು, ಮತ್ತು ಈ ಅಧ್ಯಾಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಚಿಟ್ಟೆಗಳ ವಂಶಕ್ಕೂ ಅವು ಮೊಟ್ಟೆಯಿಡುವ ಗಿಡಗಳ ವಂಶಕ್ಕೂ ಆಳವಾದ ಹೊಂದಾಣಿಕೆಯಿದೆ ಎಂದು ಅಮೆರಿಕದ ಜೀವವಿಜ್ಞಾನಿಗಳಾದ ಎರ್ಲಿಕ್ ಮತ್ತು ರೇವನ್ 1964ರಲ್ಲಿ ಬರೆದರು. ಕರಾವಳಿಯ ಉದಾಹರಣೆಯನ್ನೇ ನೋಡೋಣ. ಟಾನಿ ಕೋಸ್ಟರ್‌ನ ಹುಳು ಬೇಲಿಯ ಪ್ಯಾಸಿಫ್ಲೋರಾವನ್ನೂ, ಅಂಗಳದಲ್ಲಿ ಹಳದಿ ಹೂವಿಗಾಗಿ ಬೆಳೆಸುವ ಟರ್ನೆರಾವನ್ನೂ ತಿನ್ನುತ್ತದೆ. ಕಾಮನ್ ಲೆಪರ್ಡ್‌ನ ಹುಳು ಅಬ್ಳುಕದ ಚಿಗುರನ್ನು, ತಮಿಳ್ ಯೋಮನ್‌ನದು ಗರುಡಫಲದ ಎಲೆಯನ್ನು ತಿನ್ನುತ್ತದೆ. ಹಳೆಯ ಸಸ್ಯಶಾಸ್ತ್ರದಲ್ಲಿ ಪ್ಯಾಸಿಫ್ಲೋರಾ ಒಂದು ಕುಟುಂಬ, ಟರ್ನೆರಾ ಇನ್ನೊಂದು, ಅಬ್ಳುಕ ಮತ್ತು ಗರುಡಫಲ ಮತ್ತೊಂದು. ಡಿಎನ್‌ಎ ಆಧಾರಿತ ಹೊಸ ಸಸ್ಯ ವರ್ಗೀಕರಣ ಬಂದಾಗ ಇವೆಲ್ಲವೂ ಒಂದೇ ಗಣದ, ಅಂದರೆ ಕುಟುಂಬಗಳ ಒಂದೇ ದೊಡ್ಡ ಗುಂಪಿನ, ಹತ್ತಿರದ ಬಂಧುಗಳೆಂದು ತಿಳಿಯಿತು. 2009ರಲ್ಲಿ ಟರ್ನೆರಾ ಪ್ಯಾಸಿಫ್ಲೋರಾ ಕುಟುಂಬದಲ್ಲೇ ವಿಲೀನವಾಯಿತು. ಹುಳುಗಳು ಎಂದಿನಿಂದಲೋ ನೆಚ್ಚಿಕೊಂಡಿದ್ದ ನಂಟನ್ನು ಮನುಷ್ಯರು ಬಹಳ ತಡವಾಗಿ ಗುರುತಿಸಿದರು. ಪ್ಯಾಸಿಫ್ಲೋರಾ ಮತ್ತು ಗರುಡಫಲದ ಎಲೆಗಳಲ್ಲಿ ಸಯನೈಡ್ ಬಿಡುವ ರಾಸಾಯನಿಕಗಳಿವೆ. ಟಾನಿ ಕೋಸ್ಟರ್‌ನ ಹತ್ತಿರದ ಬಂಧುಗಳೂ ಹೆಲಿಕೋನಿಯಸ್‌ಗಳೂ ಅಂಥ ರಾಸಾಯನಿಕಗಳನ್ನು ತಮ್ಮ ದೇಹದಲ್ಲೇ ತಯಾರಿಸಬಲ್ಲವು. ಹಕ್ಕಿಗಳು ಇವುಗಳ ಗೊಡವೆಗೆ ಹೋಗದಿರಲು ಕಾರಣ ಇದೇ.

1991ರಲ್ಲಿ ಚಿಟ್ಟೆ ತಜ್ಞ ಹಾರ್ವೆ ಹೊಸ ವರ್ಗೀಕರಣ ಮುಂದಿಟ್ಟಾಗ ಟಾನಿ ಕೋಸ್ಟರ್ ಸೇರಿದ ಆಕ್ರೀಯಾಗಳು, ಹೆಲಿಕೋನಿಯಸ್‌ಗಳು, ಕಾಮನ್ ಲೆಪರ್ಡ್ ಮತ್ತು ತಮಿಳ್ ಯೋಮನ್‌ಗಳು ಹಾಗೂ ವಯೋಲೆಟ್ ಗಿಡ ತಿನ್ನುವ ಫ್ರಿಟಿಲ್ಲರಿ ಚಿಟ್ಟೆಗಳು ಹೆಲಿಕೋನಿಯಿನೀ ಎಂಬ ಒಂದೇ ಉಪಕುಟುಂಬದೊಳಗೆ ಬಂದವು. 2003ರಲ್ಲಿ ಪೆಂಝ್ ಮತ್ತು ಪೆಗ್ಗಿ ದೇಹರಚನೆಯ ಆಧಾರದಲ್ಲಿ ಅವುಗಳ ಒಳನಂಟುಗಳನ್ನು ಪರಿಶೀಲಿಸಿದರು; ಡಿಎನ್‌ಎ ಅಧ್ಯಯನಗಳು ಅವರ ಹಿಂದೆಯೇ ಬಂದವು. ಹೀಗೆ ಟಾನಿ ಕೋಸ್ಟರ್ 1758ರ ಜೊತೆಗಾರರನ್ನೇ ಮತ್ತೆ ಸೇರಿತು, ಈ ಬಾರಿ ಸರಿಯಾದ ಕಾರಣಕ್ಕೆ.

ಗಿಡವೊಂದನ್ನೇ ನಂಬಿದರೂ ದಾರಿ ತಪ್ಪುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಶ್ಚಿಮ ಘಟ್ಟದ ಕ್ರೂಯಿಸರ್ ಮತ್ತು ಲೇಸ್‌ವಿಂಗ್ ಚಿಟ್ಟೆಗಳ ಹುಳುಗಳು ಪ್ಯಾಸಿಫ್ಲೋರಾ ಕುಟುಂಬದ್ದೇ ಆದ ನಮ್ಮ ಕಾಡಿನ ಅಡೀನಿಯಾ ಬಳ್ಳಿಯನ್ನು ತಿನ್ನುತ್ತವೆ. ಆದರೂ ಉಪಕುಟುಂಬದೊಳಗೆ ಕ್ರೂಯಿಸರ್ ಕಾಮನ್ ಲೆಪರ್ಡ್‌ನ ಪಂಗಡಕ್ಕೆ ಸೇರಿದೆ. ಲೇಸ್‌ವಿಂಗನ್ನು ಒಮ್ಮೆ ಹೆಲಿಕೋನಿಯಸ್‌ಗಳ ಬಳಿ, ಒಮ್ಮೆ ಪ್ರತ್ಯೇಕವಾಗಿ, ಈಗ ಆಕ್ರೀಯಾಗಳ ಬಳಿ ಇಡಲಾಗಿದೆ. ಶ್ರೀಲಂಕಾದ ಚಿಟ್ಟೆಯ ಉಪಪ್ರಭೇದವೆಂದು ಹಳೆಯ ಪುಸ್ತಕಗಳು ಬರೆದ ನಮ್ಮ ಲೇಸ್‌ವಿಂಗ್, ಈಚಿನ ಪಟ್ಟಿಗಳಲ್ಲಿ ಸಹ್ಯಾದ್ರಿಯ ಸ್ವಂತ ಪ್ರಭೇದವೆನಿಸಿದೆ. ಅಮೆರಿಕದ ಹೆಲಿಕೋನಿಯಸ್ ಕುಲದಲ್ಲಂತೂ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ರೆಕ್ಕೆಯ ವಿನ್ಯಾಸದ ವಂಶವಾಹಿಗಳು ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟಿವೆ ಎಂದು 2012ರ ಜೀನೋಮ್ ಅಧ್ಯಯನ ತೋರಿಸಿತು.

ಇಷ್ಟಾದರೂ ನಾವು ಮಾಡುವ ಚಿಟ್ಟೆ ಪಟ್ಟಿಗಳಲ್ಲಿ ರೆಕ್ಕೆ ಬಿಚ್ಚಿದ ಚಿತ್ರಗಳೇ ತುಂಬಿರುತ್ತವೆ. ಹುಳು ಯಾವ ಎಲೆಯ ಮೇಲಿತ್ತು ಎಂಬ ಒಂದು ಸಾಲು ಅಪರೂಪ. 2012ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ತನಕ ಹಬ್ಬಿದ್ದ ಟಾನಿ ಕೋಸ್ಟರ್‌ಗೆ ಅಳಿವಿನ ಭಯವಿಲ್ಲ. ಆದರೆ ಪ್ಯಾಸಿಫ್ಲೋರಾ ಫೀಟಿಡಾ ಅಮೆರಿಕದಿಂದ ಬಂದ ಬಳ್ಳಿ, ಚಿಟ್ಟೆ ಇಲ್ಲಿನದೇ. ಅದು ಅವಲಂಬಿಸಿರುವ ಇಲ್ಲಿನ ಗಿಡಗಳಲ್ಲೊಂದು ಪುರುಷರತ್ನ, ಒಂದೇ ದೊಡ್ಡ ಎಸಳಿನ ಗುಲಾಬಿ ಹೂವಿನ ಪುಟ್ಟ ಗಿಡ. ಅದು ವಯೋಲೆಟ್ ಕುಟುಂಬದ್ದು; ಪುಸ್ತಕಗಳು ಕೈಬಿಟ್ಟ ವಯೋಲೆ ಎಂಬ ಹೆಸರಿಗೆ ಅಷ್ಟು ಹತ್ತಿರದ್ದು. ಮಳೆಗಾಲದಲ್ಲಿ ಗುಡ್ಡೆಗಳ ಹುಲ್ಲಿನ ನಡುವೆ ಅದು ಕಂಡಾಗ ಎಲೆಯ ಅಡಿಯನ್ನು ತಿರುಗಿಸಿ ನೋಡಿ, ಮುಳ್ಳುಮುಳ್ಳಾದ ಕೆಂಗಂದು ಹುಳುವಿದ್ದರೆ ಗಿಡದ ಹೆಸರನ್ನೂ ಆ ದಿನವನ್ನೂ ಬರೆದಿಡಬೇಕು.